ಬೆನ್ನು ವಾಲಿದೆ ಅಂದರು: ಕಾಯುವುದೋ, ವ್ಯಾಯಾಮವೋ, ಬ್ರೇಸೋ, ಆಪರೇಷನ್ನೋ?

ಮಗಳ ಲಂಗದ ಅಂಚನ್ನು ಮೂರನೇ ಸಲ ಬಿಚ್ಚಿ ಹೊಲಿದರೂ ಎಡಗಡೆ ಒಂದು ಬೆರಳಿನಷ್ಟು ಮೇಲಕ್ಕೇ ನಿಂತಿತ್ತು. ದಸರಾಗೆ ನಾಲ್ಕೇ ದಿನ, ನನಗೆ ಸಿಟ್ಟು. ಮಂಡ್ಯದ ಗುತ್ತಲು ರಸ್ತೆಯ ಆ ಟೈಲರ್ ಟೇಪನ್ನು ಕುತ್ತಿಗೆಗೆ ಹಾಕಿಕೊಂಡು, ಹುಡುಗಿಯನ್ನು ಇನ್ನೊಮ್ಮೆ ತಿರುಗಿಸಿ ನಿಲ್ಲಿಸಿ, ಮೆಲ್ಲಗೆ ಅಂದರು: "ಅಳತೇಲಿ ತೆಪ್ಪಿಲ್ಲ ಕನವ್ವ. ಮಗೀನ ಸೊಂಟವೇ ಒಂದ್ಕಡೆ ವಾಲೈತೆ. ಒಂದ್ಸಲ ಮೂಳೆ ಡಾಕ್ಟ್ರಿಗೆ ತೋರ್ಸಿ."

ಹನ್ನೆರಡು ವರ್ಷದ ಮಗು. ನಾನು ಅವಳ ಬರಿ ಬೆನ್ನು ನೋಡಿ ಎರಡು ವರ್ಷವಾಗಿತ್ತು. ಮಕ್ಕಳು ಬಚ್ಚಲಿನ ಬಾಗಿಲು ಹಾಕಿಕೊಂಡು ತಾವೇ ಸ್ನಾನ ಮಾಡಲು ಶುರುಮಾಡುವ ವಯಸ್ಸಿಗೇ ಸರಿಯಾಗಿ ಬೆನ್ನೂ ವಾಲಲು ಶುರುಮಾಡುತ್ತದೆ. ಅದಕ್ಕೇ ತಾಯಂದಿರಿಗಿಂತ ಮೊದಲು ಟೈಲರಿಗೋ ಡ್ಯಾನ್ಸ್ ಟೀಚರಿಗೋ ಗೊತ್ತಾಗುವುದು.

ಆಮೇಲಿನ ಮೂರು ವರ್ಷ ಮಂಡ್ಯ, ಮೈಸೂರು, ಬೆಂಗಳೂರು ಅಂತ ಓಡಾಡಿದ್ದರಿಂದಲೋ ಏನೋ, ಈಗ ವಾರಕ್ಕೊಬ್ಬರಾದರೂ ಕೇಳುತ್ತಾರೆ. ಒಬ್ಬ ಡಾಕ್ಟರು ಕಾಯಿರಿ ಅಂದಿರುತ್ತಾರೆ, ಇನ್ನೊಬ್ಬರು ಬೆಲ್ಟು ಅಂದಿರುತ್ತಾರೆ, ಚಿಕ್ಕಮ್ಮ ಯೋಗ ಅಂದಿರುತ್ತಾಳೆ, ಯಾರೋ ಆಪರೇಷನ್ ಅಂದು ಮನೆಮಂದಿಯ ನಿದ್ದೆ ಕೆಡಿಸಿರುತ್ತಾರೆ. ನಾನು ಡಾಕ್ಟರಲ್ಲ. ಆದರೆ ಕಾಯುವುದು, ವ್ಯಾಯಾಮ, ಬ್ರೇಸ್ ಅನ್ನುವ ಗಟ್ಟಿ ಕವಚ, ಆಪರೇಷನ್, ಈ ನಾಲ್ಕು ಹಾದಿಗಳಲ್ಲಿ ಯಾವುದು ಯಾರಿಗೆ ಅನ್ನುವ ಲೆಕ್ಕ ಅಷ್ಟೇನೂ ಗುಟ್ಟಿನದಲ್ಲ, ಹೇಳಿದರೆ ಯಾರಿಗೂ ಅರ್ಥವಾಗುತ್ತದೆ. ಹೇಳುವಷ್ಟು ಪುರುಸೊತ್ತು ಓಪಿಡಿಯಲ್ಲಿ ಇರುವುದಿಲ್ಲ, ಅಷ್ಟೆ.

ಮೊದಲು, ಇದು ಯಾವ ಬಾಗು?

ನಮ್ಮ ಕಡೆ ಎಲ್ಲಕ್ಕೂ 'ಗೂನು' ಅನ್ನುತ್ತೇವೆ. ಡಾಕ್ಟರಿಗೆ ಅದು ಎರಡು ಬೇರೆ ಸಂಗತಿ. ಬೆನ್ನು ಮುಂದಕ್ಕೆ ಬಾಗಿ ಹಿಂದೆ ಗುಬುಟು ಎದ್ದರೆ ಕೈಫೋಸಿಸ್. ಬೆನ್ನೆಲುಬು ಪಕ್ಕಕ್ಕೆ ವಾಲಿ, ಬಳ್ಳಿಯ ಹಾಗೆ ತನ್ನ ಸುತ್ತಲೇ ಸ್ವಲ್ಪ ತಿರುಚಿಕೊಂಡರೆ ಸ್ಕೋಲಿಯೋಸಿಸ್. ಈ ಬರಹದ ಹೆಚ್ಚಿನ ಪಾಲು ಎರಡನೆಯದರ ಬಗ್ಗೆ, ಅದರಲ್ಲೂ 10ರಿಂದ 18 ವರ್ಷದ ಮಕ್ಕಳಲ್ಲಿ ಕಾಣಿಸುವುದರ ಬಗ್ಗೆ. ಗೂನಿನ ಮಾತು ಕೊನೆಗೆ ಬರುತ್ತದೆ. ಅಲ್ಲಿ ಒಂದು ಅಪಾಯದ ಸಂಗತಿಯಿದೆ, ಬಿಟ್ಟುಬಿಡಬೇಡಿ.

ಮನೆಯಲ್ಲೇ ನೋಡುವ ಪರೀಕ್ಷೆ ಸುಲಭ. ಮಗು ಗದ್ದೆಯಲ್ಲಿ ನಾಟಿ ಹಾಕುವವರ ಹಾಗೆ ಬಗ್ಗಬೇಕು: ಮಂಡಿ ನೆಟ್ಟಗೆ, ಎರಡೂ ಅಂಗೈ ಜೋಡಿಸಿ ಕೈ ಕೆಳಕ್ಕೆ ಇಳಿಬಿಟ್ಟು. ನೀವು ಹಿಂದೆ ಕೂತು ಬೆನ್ನಿನ ಮಟ್ಟಕ್ಕೆ ಕಣ್ಣಿಟ್ಟು ನೋಡಿ. ಬೆನ್ನು ಎರಡೂ ಕಡೆ ಸಮವಾಗಿದ್ದರೆ ಸರಿ. ಒಂದು ಪಕ್ಕೆ ಬದುವಿನ ಹಾಗೆ ಎದ್ದು ನಿಂತರೆ ತೋರಿಸಬೇಕು. ಡಾಕ್ಟರೂ ಮೊದಲು ಮಾಡುವುದು ಇದನ್ನೇ. ವಿಲಿಯಂ ಆಡಮ್ಸ್ ಅನ್ನುವ ಇಂಗ್ಲಿಷ್ ಸರ್ಜನ್ 1865ರಲ್ಲಿ ವಿವರಿಸಿದ ಪರೀಕ್ಷೆ, ಇವತ್ತಿಗೂ ಅವರದೇ ಹೆಸರಲ್ಲಿದೆ. ನರಕ ಚತುರ್ದಶಿಯ ಎಣ್ಣೆ ಸ್ನಾನದ ದಿನ ಮನೆಯ ಮಕ್ಕಳ ಬೆನ್ನು ಹೇಗೂ ಕೈಗೆ ಸಿಗುತ್ತದಲ್ಲ, ಒಂದು ನಿಮಿಷ ಬಗ್ಗಿಸಿ ನೋಡಿಬಿಡಿ. ಮನೆಯಲ್ಲಿ ಒಬ್ಬರಿಗೆ ಇದ್ದರೆ ತಮ್ಮ ತಂಗಿಯರನ್ನಂತೂ ನೋಡಲೇಬೇಕು, ಇದು ಸ್ವಲ್ಪ ಮಟ್ಟಿಗೆ ವಂಶದಲ್ಲಿ ಹರಿದು ಬರುತ್ತದೆ.

ಕಾರಣದ ಮಾತು. ನೂರಕ್ಕೆ ಸುಮಾರು ಎಂಬತ್ತು ಮಂದಿಯಲ್ಲಿ ಕಾರಣ ಇಂಥದ್ದೇ ಅಂತ ಹೇಳಲಾಗುವುದಿಲ್ಲ. ವೈದ್ಯಕೀಯದಲ್ಲಿ ಅದಕ್ಕೆ ಇಡಿಯೋಪಥಿಕ್ ಅನ್ನುವ ಗಂಭೀರ ಹೆಸರಿದೆ, ಅರ್ಥ ಮಾತ್ರ 'ಯಾಕೋ ಏನೋ' ಅಂತಲೇ. ಸ್ಕೂಲ್ ಬ್ಯಾಗಿನ ಭಾರದಿಂದ ಇದು ಬರುವುದಿಲ್ಲ. ಒಂದು ಮಗ್ಗುಲಲ್ಲಿ ಮಲಗುವುದರಿಂದ, ಮೊಬೈಲು ನೋಡುತ್ತಾ ಮುದುಡಿ ಕೂರುವುದರಿಂದ, ಹಾಲು ಕುಡಿಯದೆ ಹಟ ಮಾಡಿದ್ದರಿಂದಲೂ ಅಲ್ಲ. "ನೆಟ್ಟಗೆ ಕೂರೇ ಅಂತ ಎಷ್ಟು ಸಲ ಹೇಳಿದ್ದೆ" ಅಂತ ನಾನು ಎಕ್ಸ್‌ರೇ ಕೋಣೆಯ ಹೊರಗೆ ಮಗಳನ್ನು ಬೈದಿದ್ದೆ. ಆ ಮಾತನ್ನು ವಾಪಸು ತಗೊಳ್ಳಲು ನನಗೆ ಬಹಳ ದಿನ ಬೇಕಾಯಿತು.

ಯಾವ ತಕ್ಕಡಿಯಲ್ಲಿ ತೂಗಬೇಕು

ಎಲ್ಲರೂ ಮೊದಲು ಕೇಳುವುದು "ಎಷ್ಟು ಡಿಗ್ರಿ?" ಎಕ್ಸ್‌ರೇಯಲ್ಲಿ ಬಾಗಿನ ಮೇಲ್ತುದಿ ಮತ್ತು ಕೆಳತುದಿಯಲ್ಲಿ ಅತಿ ಹೆಚ್ಚು ವಾಲಿದ ಎರಡು ಎಲುಬುಗಳಿಗೆ ಗೆರೆ ಎಳೆದು, ನಡುವಿನ ಕೋನ ಅಳೆಯುತ್ತಾರೆ. ಅದು ಕಾಬ್ ಕೋನ. 10 ಡಿಗ್ರಿಗಿಂತ ಕಡಿಮೆಯಿದ್ದರೆ ಅದಕ್ಕೆ ಸ್ಕೋಲಿಯೋಸಿಸ್ ಅನ್ನುವುದೇ ಇಲ್ಲ. ಒಂದು ಎಚ್ಚರ: ಅದೇ ಎಕ್ಸ್‌ರೇಯನ್ನು ಇಬ್ಬರು ಅಳೆದರೆ 5 ಡಿಗ್ರಿ ಆಚೀಚೆ ಬರುವುದು ಮಾಮೂಲು. ಹೋದ ಸಲ 21, ಈ ಸಲ 24 ಅಂತ ರಾತ್ರಿಯೆಲ್ಲ ಕೂತು ಅಳಬೇಡಿ. 5 ಡಿಗ್ರಿ ದಾಟಿ ಏರಿದರೆ ಆಗ ಅದನ್ನು ಏರಿಕೆ ಅನ್ನುತ್ತಾರೆ.

ಆದರೆ ಡಿಗ್ರಿಯಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ, ತೂಗಬೇಕಾದ್ದು ಇನ್ನೊಂದು: ಮಗು ಇನ್ನೆಷ್ಟು ಬೆಳೆಯುವುದು ಬಾಕಿ ಇದೆ? ಬಾಗು ಜೋರಾಗಿ ಏರುವುದು ಮಗು ಸರ್ರನೆ ಎತ್ತರವಾಗುವ ಒಂದೆರಡು ವರ್ಷದಲ್ಲಿ. ಹೆಣ್ಣುಮಕ್ಕಳಲ್ಲಿ ಆ ಓಟ ಋತುಮತಿಯಾಗುವ ಸ್ವಲ್ಪ ಮುಂಚೆ ಇರುತ್ತದೆ. ಆದ ಮೇಲೆ ಸುಮಾರು ಎರಡು ವರ್ಷ ನಿಧಾನದ ಬೆಳವಣಿಗೆ. ಗಂಡುಮಕ್ಕಳಿಗೆ ಇದೆಲ್ಲ ಎರಡು ವರ್ಷ ತಡ. ಇದನ್ನು ಅಳೆಯಲು ಡಾಕ್ಟರು ಸೊಂಟದ ಮೂಳೆಯ ಮೇಲಂಚನ್ನು ನೋಡುತ್ತಾರೆ. ಅಲ್ಲಿ ಟೋಪಿಯ ಅಂಚಿನ ಹಾಗೆ ಹೊಸ ಮೂಳೆ ಮೂಡಿ, ಹರಡಿ, ಕೊನೆಗೆ ಬೆಸೆದುಕೊಳ್ಳುತ್ತದೆ. ಆ ಹಂತಗಳಿಗೆ ರಿಸ್ಸರ್ 0ಯಿಂದ 5 ಅಂತ ಅಂಕ. 0 ಅಂದರೆ ಆಟ ಇನ್ನೂ ಪೂರಾ ಬಾಕಿ. 5 ಅಂದರೆ ಮುಗಿಯಿತು. ಎಕ್ಸ್‌ರೇ ಬರೆಸುವಾಗ 'ನಿಂತುಕೊಂಡು, ಪೂರ್ತಿ ಬೆನ್ನು, ಸೊಂಟದ ಮೂಳೆ ಸೇರಿ' ಅಂತ ಬರೆಸಿ. ನಮ್ಮದು ಮೊದಲ ಸಲ ಮಲಗಿಸಿ ತೆಗೆದರು, ಸೊಂಟ ಬರಲೇ ಇಲ್ಲ. ಇನ್ನೊಮ್ಮೆ ದುಡ್ಡು, ಇನ್ನೊಮ್ಮೆ ವಿಕಿರಣ.

ಈ ಎರಡು ಅಂಕ ಜೊತೆಯಾದಾಗ ಚಿತ್ರ ಹೇಗೆ ಬದಲಾಗುತ್ತದೆ ನೋಡಿ. ಲಾನ್‌ಸ್ಟೀನ್ ಮತ್ತು ಕಾರ್ಲ್‌ಸನ್ 1984ರಲ್ಲಿ ಪ್ರಕಟಿಸಿದ ಅಮೆರಿಕದ ಅಧ್ಯಯನ ಇವತ್ತಿಗೂ ಎಲ್ಲರೂ ಕೈಗೆತ್ತಿಕೊಳ್ಳುವ ಕೋಷ್ಟಕ. ಚಿಕಿತ್ಸೆ ಕೊಡದೆ ಬಿಟ್ಟರೆ, 20ರಿಂದ 29 ಡಿಗ್ರಿ ಬಾಗಿರುವ, ರಿಸ್ಸರ್ 0 ಅಥವಾ 1ರಲ್ಲಿರುವ ಮಕ್ಕಳಲ್ಲಿ ನೂರಕ್ಕೆ 68 ಮಂದಿಗೆ ಬಾಗು ಏರಿತು. ಅದೇ ಡಿಗ್ರಿ, ಆದರೆ ರಿಸ್ಸರ್ 2ರಿಂದ 4 ಇದ್ದವರಲ್ಲಿ 23 ಮಂದಿಗೆ. 20ಕ್ಕಿಂತ ಕಡಿಮೆ ಡಿಗ್ರಿಯಿದ್ದು ರಿಸ್ಸರ್ 2 ದಾಟಿದವರಲ್ಲಿ ನೂರಕ್ಕೆ ಇಬ್ಬರಿಗೂ ಇಲ್ಲ. ಪಕ್ಕದ ಮನೆ ಹುಡುಗಿಗೂ ನಿಮ್ಮ ಹುಡುಗಿಗೂ 25 ಡಿಗ್ರಿಯೇ ಇರಬಹುದು. ಅವಳಿಗೆ 15, ನಿಮ್ಮವಳಿಗೆ 11. ಅವಳ ಡಾಕ್ಟರು 'ಏನೂ ಬೇಡ' ಅಂದದ್ದೂ ಸರಿ, ನಿಮ್ಮ ಡಾಕ್ಟರು 'ನಾಳೆಯೇ ಬ್ರೇಸ್' ಅಂದದ್ದೂ ಸರಿ.

ಮೂರನೆಯದು, ಇದರ ಹಿಂದೆ ಬೇರೆ ಕಾಯಿಲೆ ಇದೆಯೇ ಅನ್ನುವುದು. ಹುಡುಗಿಯರ ಮಾಮೂಲಿ ಎದೆಭಾಗದ ಬಾಗು ಬಲಕ್ಕೆ ಉಬ್ಬಿರುತ್ತದೆ, ಸಾಮಾನ್ಯವಾಗಿ ದೊಡ್ಡ ನೋವಿರುವುದಿಲ್ಲ. ಎದೆಭಾಗದ ಬಾಗು ಎಡಕ್ಕಿದ್ದರೆ, ರಾತ್ರಿ ಎಬ್ಬಿಸುವಷ್ಟು ನೋವಿದ್ದರೆ, ಕಾಲಲ್ಲಿ ಶಕ್ತಿ ಕುಂದಿದ್ದರೆ, ಮೂತ್ರದ ಹಿಡಿತ ತಪ್ಪಿದರೆ, ಬೆನ್ನ ನಡುವೆ ಕೂದಲಿನ ಕುಚ್ಚೋ ಮೈಮೇಲೆ ಕಾಫಿ ಬಣ್ಣದ ಹಲವು ಮಚ್ಚೆಗಳೋ ಇದ್ದರೆ, ಅಥವಾ ಹತ್ತು ವರ್ಷಕ್ಕೂ ಮುಂಚೆಯೇ ಕಾಣಿಸಿದರೆ, ಎಂಆರ್‌ಐ ಮಾಡಿಸದೆ ಮುಂದಿನ ಯಾವ ಮಾತೂ ಬೇಡ. ಅಂಥ ಮಕ್ಕಳಿಗೆ ಕೆಳಗಿನ ಹೋಲಿಕೆ ಅನ್ವಯಿಸುವುದಿಲ್ಲ.

ಮಿಕ್ಕ ಎರಡು ನಿಮಗೇ ಗೊತ್ತು: ಮಗುವಿನ ದಿನಚರಿ, ಮನೆಯ ಕಿಸೆ.

ಕಾದು ನೋಡುವುದು

ಇದು ಏನೂ ಮಾಡದಿರುವುದಲ್ಲ. 25 ಡಿಗ್ರಿಯ ಕೆಳಗಿರುವ ಮಕ್ಕಳಿಗೆ ಸರಿಯಾದ ಚಿಕಿತ್ಸೆಯೇ ಇದು. ಬೆಳೆಯುವ ಮಕ್ಕಳಿಗೆ ನಾಲ್ಕರಿಂದ ಆರು ತಿಂಗಳಿಗೊಮ್ಮೆ ತೋರಿಸಬೇಕು, ಬೆಳವಣಿಗೆ ಮುಗಿದವರಿಗೆ ಅಂತರ ಹೆಚ್ಚು. ಖರ್ಚು ಓಪಿಡಿ ಚೀಟಿ ಮತ್ತು ಎಕ್ಸ್‌ರೇಯದ್ದು. ಮಂಡ್ಯದ ಸರ್ಕಾರಿ ಆಸ್ಪತ್ರೆ ಮಿಮ್ಸ್‌ನಲ್ಲೋ ಮೈಸೂರಿನ ಕೆ.ಆರ್. ಆಸ್ಪತ್ರೆಯಲ್ಲೋ ಮೂಳೆ ವಿಭಾಗಕ್ಕೆ ಹೋಗಿ ಈ ಹಂತವನ್ನು ಕಡಿಮೆ ದುಡ್ಡಲ್ಲಿ ನಡೆಸಬಹುದು.

ತೊಂದರೆ ಒಂದೇ. ಕಾಯಿರಿ ಅಂದದ್ದನ್ನು ನಾವು ಮರೆತುಬಿಡಿ ಅಂತ ಕೇಳಿಸಿಕೊಳ್ಳುತ್ತೇವೆ. ನಮಗೆ ಮೊದಲು ಸಿಕ್ಕ ಒಂದು ಕ್ಲಿನಿಕ್ಕಿನಲ್ಲಿ "ದೊಡ್ಡವಳಾದ ಮೇಲೆ ತಾನೇ ಸರಿಹೋಗುತ್ತೆ" ಅಂದರು, ಮುಂದಿನ ತಾರೀಖು ಕೊಡಲಿಲ್ಲ. ನಾವೂ ಖುಷಿಯಿಂದ ಮನೆಗೆ ಬಂದೆವು. ಐದು ತಿಂಗಳಲ್ಲಿ 22 ಇದ್ದದ್ದು 29 ಆಗಿತ್ತು. ತಾನಾಗಿ ನೆಟ್ಟಗಾಗುವುದು ಕೆಲವು ಹಸುಗೂಸುಗಳಲ್ಲಿ ಉಂಟು. ಹನ್ನೆರಡು ವರ್ಷದ, ಇನ್ನೂ ಎತ್ತರವಾಗಬೇಕಾದ ಹುಡುಗಿಯಲ್ಲಿ ಅದನ್ನು ನಂಬಿ ಕೂರಬಾರದು. ಕಾಯುವವರು ಬಾಗಿಲ ಚೌಕಟ್ಟಿನ ಮೇಲೆ ತಿಂಗಳಿಗೊಮ್ಮೆ ಪೆನ್ಸಿಲ್ಲಿನಲ್ಲಿ ಎತ್ತರದ ಗೆರೆ ಹಾಕಿ ತಾರೀಖು ಬರೆಯಿರಿ. ಗೆರೆಗಳ ನಡುವಿನ ಜಾಗ ಇದ್ದಕ್ಕಿದ್ದಂತೆ ದೊಡ್ಡದಾದರೆ, ತಾರೀಖಿಗೆ ಕಾಯದೆ ತೋರಿಸಿ.

ವ್ಯಾಯಾಮ, ಯೋಗ, ಮತ್ತು ನಮ್ಮ ಕಡೆಯ ಅಭಿಮಾನ

ಮೈಸೂರಿನ ಪಕ್ಕದಲ್ಲೇ ಇದ್ದು ಯೋಗದ ಮಾತು ಎತ್ತದೆ ಇರಲಾಗುತ್ತದೆಯೇ. 1930ರ ದಶಕದಲ್ಲಿ ಜಗನ್ಮೋಹನ ಅರಮನೆಯಲ್ಲಿ ಕೃಷ್ಣಮಾಚಾರ್ಯರು ಯೋಗಶಾಲೆ ನಡೆಸಿದ ಊರು. ಬಿ.ಕೆ.ಎಸ್. ಅಯ್ಯಂಗಾರರು, ಪಟ್ಟಾಭಿ ಜೋಯಿಸರು ಅವರ ಬಳಿ ಕಲಿತವರು. ಅಲ್ಲಿನ ಗೋಕುಲಂನಲ್ಲಿ ಚಾಪೆ ಬಗಲಿಗಿಟ್ಟುಕೊಂಡ ವಿದೇಶಿಯರನ್ನು ಹೋದಾಗಲೆಲ್ಲ ನೋಡುವ ನಮಗೆ, ಬೆನ್ನಿನ ತೊಂದರೆ ಅಂದ ಕೂಡಲೇ ಯೋಗ ನೆನಪಾಗುವುದು ಸಹಜ. ನಾನೂ ಕಳಿಸಿದೆ. ಮಗಳ ಉಸಿರು ಸುಧಾರಿಸಿತು, ಬೆನ್ನಿನ ಬಿಗುವು ಸಡಿಲವಾಯಿತು, ನಾಲ್ಕು ಜನರ ಮುಂದೆ ನಿಲ್ಲುವ ಧೈರ್ಯ ಬಂತು. ಇವು ಸಣ್ಣ ಲಾಭಗಳಲ್ಲ. ಆದರೆ ಬೆಳೆಯುವ ಮಗುವಿನ ಏರುತ್ತಿರುವ ಬಾಗನ್ನು ಯೋಗಾಸನ ತಡೆದು ನಿಲ್ಲಿಸುತ್ತದೆ ಅನ್ನುವುದಕ್ಕೆ ನಂಬಬಹುದಾದ ಪುರಾವೆ ಇಲ್ಲ. ಗುರುಗಳು ಪ್ರಾಮಾಣಿಕರಾದರೆ ಅವರೇ ಹಾಗೆ ಹೇಳುತ್ತಾರೆ, ನಮ್ಮವರು ಹೇಳಿದರು.

ಸ್ಕೋಲಿಯೋಸಿಸ್‌ಗೆಂದೇ ರೂಪಿಸಿದ ವ್ಯಾಯಾಮಗಳು ಬೇರೆ. ಹೆಚ್ಚು ಹೆಸರಾದದ್ದು ಷ್ರಾತ್ ಪದ್ಧತಿ. ತಾನೇ ಬಾಗಿದ ಬೆನ್ನಿನಿಂದ ಬಳಲಿದ್ದ ಕತರೀನಾ ಷ್ರಾತ್ ಅನ್ನುವ ಹೆಂಗಸು ಜರ್ಮನಿಯಲ್ಲಿ 1921ರಲ್ಲಿ ಶುರುಮಾಡಿದ್ದು. ಕನ್ನಡಿಯ ಮುಂದೆ ನಿಂತು ತನ್ನ ಬಾಗನ್ನು ತಾನೇ ತಿದ್ದಿ ಹಿಡಿದು, ಒಳಸೇರಿದ ಪಕ್ಕೆಗೆ ಉಸಿರು ತುಂಬುವುದು ಇದರ ಜೀವಾಳ. ಎಲ್ಲರಿಗೂ ಒಂದೇ ಅಭ್ಯಾಸವಲ್ಲ, ಬಾಗಿನ ಆಕಾರ ನೋಡಿ ಕಲಿಸಬೇಕು. ಸಣ್ಣ ಬಾಗುಗಳಲ್ಲಿ ಕೆಲವು ಡಿಗ್ರಿ ಲಾಭ ತೋರಿಸಿದ ಅಧ್ಯಯನಗಳಿವೆ. ಬ್ರೇಸ್ ಜೊತೆಗಿದ್ದರೆ ಇನ್ನೂ ಒಳ್ಳೆಯದು. ಆದರೆ ಬ್ರೇಸ್ ಬೇಕಾದ ಮಗುವಿಗೆ ಇದೊಂದನ್ನೇ ನೆಚ್ಚುವುದು ಜೂಜು. ಕಲಿತ ಫಿಸಿಯೋಥೆರಪಿಸ್ಟ್ ಸಿಗುವುದೂ ಕಷ್ಟ. ಸೇರಿಸುವ ಮುಂಚೆ "ಷ್ರಾತ್ ತರಬೇತಿ ಆಗಿದೆಯಾ, ನನ್ನ ಮಗಳ ಎಕ್ಸ್‌ರೇ ನೋಡಿ ಅಭ್ಯಾಸ ಕೊಡ್ತೀರಾ" ಅಂತ ಕೇಳಿ. ಎಕ್ಸ್‌ರೇ ಬೇಡ ಅಂದರೆ ಬೇರೆ ಕಡೆ ನೋಡಿ.

ಮಸಾಜು, ನಾಟಿ ಕಟ್ಟು, ನೆಟಿಕೆ ತೆಗೆಯುವವರ ಬಗ್ಗೆ ಒಂದೇ ಮಾತು. ನೋವಿಗೆ ಹಿತವಾಗಬಹುದು, ಬಾಗಿಗೆ ಏನೂ ಆಗುವುದಿಲ್ಲ. ಬೆನ್ನುಹುರಿಯ ತೊಂದರೆ ಇರುವವರ ಬೆನ್ನನ್ನು ಎಳೆದು ತಿರುಚುವುದು ಅಪಾಯ.

ಬ್ರೇಸ್

ಮೆಡಿಕಲ್ ಸ್ಟೋರಿನಲ್ಲಿ ನೇತುಹಾಕಿರುವ, ಭುಜ ಹಿಂದಕ್ಕೆಳೆಯುವ ಎಲಾಸ್ಟಿಕ್ ಬೆಲ್ಟು ಬ್ರೇಸ್ ಅಲ್ಲ. ಈ ತಪ್ಪು ಎಷ್ಟು ಮನೆಗಳಲ್ಲಿ ಆಗಿದೆಯೋ ಲೆಕ್ಕವಿಲ್ಲ. ನಮ್ಮ ಮನೆಯ ಅಟ್ಟದ ಮೇಲೂ ಅಂಥದ್ದೊಂದು ಬಿದ್ದಿದೆ. ನಿಜವಾದ ಬ್ರೇಸ್ ಗಟ್ಟಿ ಪ್ಲಾಸ್ಟಿಕ್ಕಿನ ಕವಚ. ಮಗುವಿನ ಮೈಯ ಅಚ್ಚು ತೆಗೆದೋ ಸ್ಕ್ಯಾನ್ ಮಾಡಿಯೋ, ಉಬ್ಬಿದ ಕಡೆ ಒಳಗಿಂದ ಒತ್ತುವ ದಿಂಬಿಟ್ಟು, ತಗ್ಗಿದ ಕಡೆ ಉಸಿರಿಗೆ ಜಾಗ ಬಿಟ್ಟು ಮಾಡುತ್ತಾರೆ. ಕೈ ಕೆಳಗೆ ಮುಗಿಯುವ ಬಾಸ್ಟನ್, ಶೆನೋ ಮಾದರಿಗಳು ಈಗ ಹೆಚ್ಚು. ಗಲ್ಲದವರೆಗೆ ಕಬ್ಬಿಣದ ಕಂಬಿ ಬರುವ ಮಿಲ್ವಾಕೀ ಬ್ರೇಸ್ ಹಳೆಯ ಕಾಲದ್ದು. ಹುಡುಗಿಯರು ಹೆದರುವುದು ಅದರ ಫೋಟೋ ನೋಡಿ. ಹೊಸದನ್ನು ಚೂಡಿದಾರದ ಟಾಪಿನೊಳಗೆ ಬಹುಪಾಲು ಮುಚ್ಚಿಡಬಹುದು.

ಯಾರಿಗೆ? 25ರಿಂದ 40-45 ಡಿಗ್ರಿ, ರಿಸ್ಸರ್ 0ಯಿಂದ 2. ಬೆಳವಣಿಗೆ ಮುಗಿದವರಿಗೆ ಬ್ರೇಸ್ ಹಾಕಿಸುವುದು ದುಡ್ಡು ದಂಡ.

ಏನು ಮಾಡುತ್ತದೆ? ನೆಟ್ಟಗೆ ಮಾಡುವುದಿಲ್ಲ, ಏರದಂತೆ ಹಿಡಿಯುತ್ತದೆ. ಇದನ್ನು ಮಗುವಿಗೂ ಅಜ್ಜಿಗೂ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಎರಡು ವರ್ಷದ ಕೊನೆಗೆ "ಇಷ್ಟೆಲ್ಲ ಕಷ್ಟಪಟ್ಟು 29 ಇದ್ದದ್ದು 31 ಆಯ್ತಲ್ಲ" ಅನ್ನುವ ಮಾತು ಬರುತ್ತದೆ. ನಮ್ಮ ಮನೆಯಲ್ಲಿ ಬಂತು. ಡಾಕ್ಟರು ನಕ್ಕು ಇದು ಗೆಲುವು ಅಂದರು.

ಪುರಾವೆ ಗಟ್ಟಿಯಾಗಿದೆ. ಅಮೆರಿಕ ಮತ್ತು ಕೆನಡಾದ 25 ಕೇಂದ್ರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬ್ರೇಸ್ ಹಾಕಿದವರಲ್ಲಿ ನೂರಕ್ಕೆ 72 ಮಂದಿ, ಹಾಕದವರಲ್ಲಿ 48 ಮಂದಿ, 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಸಿದರು. ಲಾಭ ಎಷ್ಟು ಸ್ಪಷ್ಟವಾಗಿತ್ತೆಂದರೆ ಅಧ್ಯಯನವನ್ನು ನಡುವಿನಲ್ಲೇ ನಿಲ್ಲಿಸಿದರು. ಆ 48ನ್ನೂ ಮರೆಯಬೇಡಿ. ಹಾಕದಿದ್ದರೂ ಅರ್ಧದಷ್ಟು ಮಕ್ಕಳು ಪಾರಾದರು. ಯಾವ ಅರ್ಧ ಅಂತ ಮೊದಲೇ ತಿಳಿಯುವುದಿಲ್ಲ ಅನ್ನುವುದೇ ಕಷ್ಟ. ಬ್ರೇಸಿನೊಳಗೆ ಶಾಖ ಅಳೆಯುವ ಸಣ್ಣ ಯಂತ್ರ ಇಟ್ಟು ಎಷ್ಟು ಗಂಟೆ ನಿಜಕ್ಕೂ ಹಾಕಿದ್ದರು ಅಂತಲೂ ನೋಡಿದರು. ದಿನಕ್ಕೆ ಸರಾಸರಿ 13 ಗಂಟೆಯಷ್ಟು ಅಥವಾ ಅದಕ್ಕೂ ಹೆಚ್ಚು ಹಾಕಿದವರಲ್ಲಿ ಯಶಸ್ಸು ನೂರಕ್ಕೆ ತೊಂಬತ್ತು ದಾಟಿತ್ತು.

ಆ 13 ಗಂಟೆ ಅನ್ನುವ ಅಂಕಿ ನಮ್ಮ ಮನೆಯ ಜಗಳವನ್ನು ಬಗೆಹರಿಸಿತು. ಡಾಕ್ಟರು ಬರೆದದ್ದು 18 ಗಂಟೆ. ಮಗಳು ಸ್ಕೂಲಿಗೆ ಹಾಕಿಕೊಂಡು ಹೋಗುವುದಿಲ್ಲ ಅಂತ ಹಟ ಹಿಡಿದಳು. ಮಾರ್ಚ್-ಏಪ್ರಿಲ್ಲಿನ ಮಂಡ್ಯದ ಸೆಕೆಯಲ್ಲಿ ಶೀಟು ಹೊದಿಸಿದ ಕ್ಲಾಸಿನಲ್ಲಿ ಪ್ಲಾಸ್ಟಿಕ್ ಕವಚ ತೊಟ್ಟು ಕೂರುವುದು ಏನೆಂದು ನನಗೂ ಗೊತ್ತು. ಕೊನೆಗೆ ಡಾಕ್ಟರ ಮುಂದೆಯೇ ಕೂತು ಲೆಕ್ಕ ಹಾಕಿದೆವು: ಸ್ಕೂಲಿಂದ ಬಂದು ನಾಲ್ಕೂವರೆಗೆ ಹಾಕಿದರೆ ಬೆಳಿಗ್ಗೆ ಎಂಟೂವರೆಗೆ 16 ಗಂಟೆ. ಆಟಕ್ಕೆ, ಸ್ನಾನಕ್ಕೆ ಒಂದೂವರೆ ಗಂಟೆ ಕಳೆದರೂ ಹದಿನಾಲ್ಕರ ಮೇಲೆ. ರಜೆಯಲ್ಲಿ ಹೆಚ್ಚು. ಡಾಕ್ಟರು ಒಪ್ಪಿದರು. 18 ಅಂತ ಬರೆಸಿಕೊಂಡು ಗುಟ್ಟಾಗಿ 8 ಗಂಟೆ ಹಾಕುವುದಕ್ಕಿಂತ, 14 ಅಂತ ಒಪ್ಪಿ 14 ಹಾಕುವುದು ವಾಸಿ. ನಿಮ್ಮ ಮಗುವಿನ ಬಾಗಿಗೆ ಇದು ಸಾಲುತ್ತದೆಯೇ ಅನ್ನುವುದನ್ನು ಮಾತ್ರ ಡಾಕ್ಟರೇ ಹೇಳಬೇಕು.

ಉಪಯೋಗದ ಕೆಲವು ಮಾತು. ಒಳಗೆ ಹೊಲಿಗೆಯಿಲ್ಲದ ಹತ್ತಿ ಬನಿಯನ್, ಸಿಗದಿದ್ದರೆ ಹೊಲಿಗೆ ಹೊರಕ್ಕೆ ಬರುವಂತೆ ತಿರುಗಿಸಿ ಹಾಕಿ, ಸುಕ್ಕಿಲ್ಲದಂತೆ ಕೆಳಕ್ಕೆ ಎಳೆದು. ಚರ್ಮ ಕೆಂಪಾಗಿ, ತೆಗೆದ ಅರ್ಧ ಗಂಟೆಯಲ್ಲಿ ಮಾಯವಾದರೆ ಸರಿ. ಉಳಿದರೆ ಬ್ರೇಸ್ ಉಜ್ಜಿಸಬೇಕು. ಕ್ರೀಮು, ಎಣ್ಣೆ ಬೇಡ, ಚರ್ಮ ಮೆತ್ತಗಾಗಿ ಒಡೆಯುತ್ತದೆ. ಹೊಟ್ಟೆ ಬಿಗಿಯಾಗುವುದರಿಂದ ಮುದ್ದೆ ಒಂದು ಪೂರ್ತಿ ಇಳಿಯುವುದಿಲ್ಲ, ಅರ್ಧರ್ಧ ಎರಡು ಸಲ ಕೊಡಿ. ಯೂನಿಫಾರ್ಮು ಒಂದು ಸೈಜು ದೊಡ್ಡದು. ನೃತ್ಯ, ಈಜು, ಓಟ ಎಲ್ಲಕ್ಕೂ ಬಿಚ್ಚಿಡಬಹುದು, ಬಿಡಿಸಬೇಡಿ. ಹಾಕಿದ ನಾಲ್ಕಾರು ವಾರಕ್ಕೆ ಬ್ರೇಸ್ ತೊಟ್ಟೇ ಒಂದು ಎಕ್ಸ್‌ರೇ ತೆಗೆಸಬೇಕು. ಒಳಗೆ ಬಾಗು ಅರ್ಧದ ಹತ್ತಿರಕ್ಕೆ ಇಳಿದಿದ್ದರೆ ಮಾಡಿದವರ ಕೈ ಚೆನ್ನಾಗಿದೆ ಅಂತ ಅರ್ಥ. ಈ ಎಕ್ಸ್‌ರೇ ತೆಗೆಸದೆ ಬ್ರೇಸ್ ಮಾರಿ ಕೈತೊಳೆದುಕೊಳ್ಳುವವರ ಬಳಿ ಹೋಗಬೇಡಿ. ಖರ್ಚು ಹತ್ತಾರು ಸಾವಿರದ ಲೆಕ್ಕ. ಮಗು ಬೆಳೆದರೆ ಇನ್ನೊಂದು ಮಾಡಿಸಬೇಕಾಗುತ್ತದೆ, ಅದನ್ನೂ ಸೇರಿಸಿಯೇ ಬಜೆಟ್ ಹಾಕಿ.

ಆಪರೇಷನ್

ಬಾಗು 45-50 ಡಿಗ್ರಿ ದಾಟಿದಾಗ ಈ ಮಾತು ಬರುತ್ತದೆ. ಕಾರಣ ಅಂದಚಂದ ಮಾತ್ರವಲ್ಲ. ಎದೆಭಾಗದ ಬಾಗು 50 ದಾಟಿದ್ದರೆ ಬೆಳವಣಿಗೆ ನಿಂತ ಮೇಲೂ ವರ್ಷಕ್ಕೆ ಸುಮಾರು ಒಂದು ಡಿಗ್ರಿಯಂತೆ ಏರುತ್ತಾ ಹೋಗುವ ಸಂಭವ ಹೆಚ್ಚು. 30ರ ಕೆಳಗಿದ್ದರೆ ಸಾಮಾನ್ಯವಾಗಿ ಅಲ್ಲೇ ನಿಲ್ಲುತ್ತದೆ. ಉಸಿರಾಟಕ್ಕೆ ಕುತ್ತು ಬರುವುದು ಎದೆಯ ಬಾಗು ಬಹಳ ದೊಡ್ಡದಾದಾಗ, 70-80ರ ಆಚೆಗೆ.

ಮಾಡುವುದೇನೆಂದರೆ, ಬೆನ್ನ ಹಿಂದಿನಿಂದ ತೆರೆದು, ಬಾಗಿದ ಭಾಗದ ಎಲುಬುಗಳಿಗೆ ಸ್ಕ್ರೂ ಕೂರಿಸಿ, ಎರಡು ಕಂಬಿಗಳಿಗೆ ಬಿಗಿದು ನೆಟ್ಟಗೆ ಮಾಡಿ, ಮೂಳೆಚೂರು ಇಟ್ಟು ಆ ಎಲುಬುಗಳು ಒಂದಾಗಿ ಬೆಸೆಯುವಂತೆ ಬಿಡುವುದು. 1960ರ ಸುಮಾರಿಗೆ ಅಮೆರಿಕದ ಪಾಲ್ ಹ್ಯಾರಿಂಗ್ಟನ್ ಹಾಕಲು ಶುರುಮಾಡಿದ ಕಂಬಿಯ ಮೊಮ್ಮಕ್ಕಳು ಇವು. ಈಗಿನ ಸ್ಕ್ರೂಗಳಲ್ಲಿ ಬಾಗಿನ ಅರ್ಧಕ್ಕಿಂತ ಹೆಚ್ಚು ಸರಿಹೋಗುವುದು ಸಾಮಾನ್ಯ. ಟೇಬಲ್ಲಿನಿಂದ ಎದ್ದಾಗ ಒಂದೆರಡು ಸೆಂಟಿಮೀಟರ್ ಎತ್ತರವೂ ಆಗಿರುತ್ತಾರೆ.

ನಾಲ್ಕು ಹಾದಿಗಳಲ್ಲಿ ಬಾಗನ್ನು ಇಷ್ಟರಮಟ್ಟಿಗೆ ತಿದ್ದುವುದು ಇದೊಂದೇ. ಬದಲಿಗೆ ಏನು ಕೊಡುತ್ತೀರಿ? ಬೆಸೆದ ಭಾಗ ಮತ್ತೆ ಬಾಗುವುದಿಲ್ಲ. ಮದ್ದೂರು ಕಡೆಯ ನಮ್ಮ ನೆಂಟರ ಹುಡುಗಿಗೆ 58 ಡಿಗ್ರಿಗೆ ಮಾಡಿಸಿದರು. ಎರಡನೇ ದಿನ ಎಬ್ಬಿಸಿ ನಿಲ್ಲಿಸಿದರು, ಆರನೇ ದಿನ ಮನೆ, ಎರಡು ತಿಂಗಳೊಳಗೆ ಕಾಲೇಜು. ಈಗ ಹಸುವಿನ ಕೆಳಗೆ ಕೂತು ಹಾಲು ಕರೆಯುತ್ತಾಳೆ, ಬೆನ್ನು ಬಗ್ಗಿಸಿ ಅಲ್ಲ, ತೊಡೆಸಂದಿನಿಂದ ಮಡಚಿ, ಹಲಗೆಯ ಹಾಗೆ ನೆಟ್ಟಗೆ. ಗೊತ್ತಿಲ್ಲದವರಿಗೆ ಗೊತ್ತಾಗುವುದೇ ಇಲ್ಲ. ಬೆಸುಗೆ ಸೊಂಟದ ಕೆಳಭಾಗದವರೆಗೆ ಹೋದಷ್ಟೂ ಈ ನಷ್ಟ ಹೆಚ್ಚು, ಹಾಗಾಗಿ "ಎಲ್ಲಿಂದ ಎಲ್ಲಿಯವರೆಗೆ ಬೆಸೆಯುತ್ತೀರಿ" ಅನ್ನುವುದು ನಿಮ್ಮ ಮೊದಲ ಪ್ರಶ್ನೆಯಾಗಲಿ. ಭರತನಾಟ್ಯದಲ್ಲೋ ಜಿಮ್ನಾಸ್ಟಿಕ್ಸ್‌ನಲ್ಲೋ ಮುಂದುವರಿಯುವ ಹುಡುಗಿಗೆ ಇದು ಡಿಗ್ರಿಯಷ್ಟೇ ದೊಡ್ಡ ಸಂಗತಿ.

ಎಲ್ಲರ ಮನಸ್ಸಿನಲ್ಲಿರುವ ಭಯ ಕಾಲಿನ ಶಕ್ತಿ ಹೋಗಿಬಿಟ್ಟರೆ ಅನ್ನುವುದು. ನರಕ್ಕೆ ಪೆಟ್ಟಾಗುವ ಸಂಭವ ಈ ವಯಸ್ಸಿನ ಮಾಮೂಲಿ ಸ್ಕೋಲಿಯೋಸಿಸ್‌ನಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ. ಸಣ್ಣದು, ಸೊನ್ನೆಯಲ್ಲ. ಆಪರೇಷನ್ ಉದ್ದಕ್ಕೂ ನರಗಳ ಸಂಕೇತ ನೋಡುತ್ತಿರುವ ನ್ಯೂರೋಮಾನಿಟರಿಂಗ್ ಯಂತ್ರ ಇರಬೇಕು. ಇದೆಯಾ, ಬಿಲ್ಲಿನಲ್ಲಿ ಸೇರಿದೆಯಾ, ವರ್ಷಕ್ಕೆ ಇಂಥ ಎಷ್ಟು ಆಪರೇಷನ್ ಮಾಡುತ್ತೀರಿ ಅಂತ ನಾಚಿಕೆಯಿಲ್ಲದೆ ಕೇಳಿ. ಸೋಂಕು, ಮತ್ತೆ ಟೇಬಲ್ ಹತ್ತಬೇಕಾಗುವುದು, ಇವೂ ಕೆಲವರಿಗೆ ಉಂಟು.

ಬೆಸೆಯದೆ ಹಗ್ಗದಂಥ ದಾರದಿಂದ ಎಳೆದು ಬೆಳವಣಿಗೆಯನ್ನೇ ಬಳಸಿ ತಿದ್ದುವ ಟೆದರಿಂಗ್ ಅನ್ನುವ ಹೊಸ ಶಸ್ತ್ರಚಿಕಿತ್ಸೆಯೂ ಇದೆ. ಅಮೆರಿಕದಲ್ಲಿ 2019ರಲ್ಲಿ ಅನುಮತಿ ಸಿಕ್ಕಿತು. ಬಾಗುವಿಕೆ ಉಳಿಯುವುದು ಆಸೆ, ದಾರ ತುಂಡಾಗುವುದು ತೊಂದರೆ, ಮರು ಆಪರೇಷನ್ನಿನ ಪ್ರಮಾಣ ಹೆಚ್ಚು. ಇದಕ್ಕೂ ಬೆಳವಣಿಗೆ ಬಾಕಿ ಇರಬೇಕು. ವಿಡಿಯೋ ನೋಡಿ ಮನಸ್ಸು ಕೊಡಬೇಡಿ.

ದುಡ್ಡಿನ ಮಾತು, ಮದುವೆಯ ಮಾತು

ಖಾಸಗಿಯಲ್ಲಿ ಆಪರೇಷನ್ ಹಲವು ಲಕ್ಷದ ವ್ಯವಹಾರ. ಅದರಲ್ಲಿ ದೊಡ್ಡ ಪಾಲು ಸ್ಕ್ರೂ ಮತ್ತು ಕಂಬಿಯದು, ಎಷ್ಟು ಸ್ಕ್ರೂ ಅಂತ ಎಸ್ಟಿಮೇಟಿನಲ್ಲಿ ಬರೆಸಿಕೊಳ್ಳಿ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ, ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ. 30ರಂತೆ ವರ್ಷಕ್ಕೆ 1.5 ಲಕ್ಷದವರೆಗೆ ನೆರವಿದೆ. ತುರ್ತಲ್ಲದ ಆಪರೇಷನ್ನಿಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಕೇಳುತ್ತಾರೆ. ಹಾಗಾಗಿ ಕೊನೆಗೆ ಎಲ್ಲಿ ಮಾಡಿಸಿದರೂ ಮಿಮ್ಸ್ ಅಥವಾ ಕೆ.ಆರ್. ಆಸ್ಪತ್ರೆಯ ಚೀಟಿಯಿಂದ ಶುರುಮಾಡಿದರೆ ಆಮೇಲೆ ಅಲೆದಾಟ ಉಳಿಯುತ್ತದೆ. ಆಸ್ಪತ್ರೆಯಲ್ಲಿರುವ ಆರೋಗ್ಯಮಿತ್ರರ (ಈ ಯೋಜನೆಯ ಸಹಾಯಕರ) ಬಳಿ ನಿಮ್ಮ ಮಗುವಿಗೆ ಬರೆದ ಆಪರೇಷನ್ ಪ್ಯಾಕೇಜಿನಲ್ಲಿ ಇದೆಯಾ, ಸ್ಕ್ರೂಗಳ ಬೆಲೆ ಅದರಲ್ಲೇ ಬರುತ್ತದಾ ಅಂತ ಖಚಿತ ಮಾಡಿಕೊಳ್ಳಿ. ಡೇರಿಗೆ ಹಾಲು ಹಾಕುವ ಮನೆಯವರು ಸಹಕಾರ ಸಂಘದ ಸದಸ್ಯರಿಗಿರುವ ಆರೋಗ್ಯ ಯೋಜನೆಯಾದ ಯಶಸ್ವಿನಿಯ ಕಾರ್ಡನ್ನೂ ತೆಗೆದು ನೋಡಿ.

ಇನ್ನು ಮದುವೆ. ಯಾರೂ ಬಾಯಿಬಿಟ್ಟು ಹೇಳುವುದಿಲ್ಲ, ಎಲ್ಲರ ತಲೆಯಲ್ಲೂ ಅದೇ. ಚಿಕಿತ್ಸೆಯನ್ನೇ ಪಡೆಯದವರನ್ನು 50 ವರ್ಷ ಹಿಂಬಾಲಿಸಿ 2003ರಲ್ಲಿ ಪ್ರಕಟಿಸಿದ ಅಮೆರಿಕದ ಅಯೋವಾದ ಅಧ್ಯಯನದಲ್ಲಿ, ಬೆನ್ನುನೋವು ಇತರರಿಗಿಂತ ಹೆಚ್ಚಿದ್ದರೂ ಬಹುಪಾಲು ಮಂದಿ ದುಡಿದು ತಮ್ಮ ದಿನ ತಾವು ನಡೆಸಿಕೊಂಡಿದ್ದರು. ಬಾಗಿದ ಬೆನ್ನು ಗರ್ಭಕ್ಕೆ ಅಡ್ಡಿಯಲ್ಲ. ಸೊಂಟದವರೆಗೆ ಬೆಸೆದಿದ್ದರೆ ಹೆರಿಗೆಯಲ್ಲಿ ಬೆನ್ನಿಗೆ ಕೊಡುವ ಅರಿವಳಿಕೆ ಕಷ್ಟವಾಗಬಹುದು, ಅದನ್ನು ಮೊದಲೇ ಹೇಳಬೇಕು, ಅಷ್ಟೆ. ಉಸೇನ್ ಬೋಲ್ಟ್‌ನ ಬೆನ್ನೂ ಬಾಗಿದೆ, ಅವನೇ ಹೇಳಿಕೊಂಡಿದ್ದಾನೆ. "ನಾಳೆ ಗಂಡಿನವರು ಕೇಳಿದರೆ" ಅನ್ನುವ ಕಾರಣಕ್ಕೆ 32 ಡಿಗ್ರಿಗೆ ಚಾಕು ಹಾಕಿಸಬೇಡಿ. ಅದೇ ಭಯಕ್ಕೆ ಮುಚ್ಚಿಟ್ಟು, ಬ್ರೇಸ್ ಹಾಕುವ ವಯಸ್ಸನ್ನೂ ಕಳೆಯಬೇಡಿ. ಎರಡನ್ನೂ ನಾನು ಕಂಡಿದ್ದೇನೆ.

ಗೂನಿನ ಬಗ್ಗೆ, ಹೇಳಿದ್ದೆನಲ್ಲ

ಹುಡುಗರು ಮುದುಡಿ ನಿಂತು, ಹೇಳಿದಾಗ ನೆಟ್ಟಗಾದರೆ ಅದು ಅಭ್ಯಾಸ, ಬೈಗುಳವೋ ವ್ಯಾಯಾಮವೋ ಸಾಕು. ಎಷ್ಟು ಹೇಳಿದರೂ ನೆಟ್ಟಗಾಗದ ಗಟ್ಟಿ ಗೂನು ಷೂಯರ್‌ಮನ್ ಇರಬಹುದು, ಅಂದರೆ ಬೆಳೆಯುವ ವಯಸ್ಸಿನಲ್ಲಿ ಬೆನ್ನೆಲುಬುಗಳೇ ಬೆಣೆಯ ಆಕಾರಕ್ಕೆ ತಿರುಗುವ ತೊಂದರೆ. ಎಕ್ಸ್‌ರೇ ಬೇಕು. ಅರವತ್ತು ದಾಟಿದ ಅಜ್ಜಿ ವರ್ಷದಿಂದ ವರ್ಷಕ್ಕೆ ಕುಗ್ಗಿ ಗಿಡ್ಡವಾಗುತ್ತಿದ್ದರೆ ಅದು ಬರೀ ವಯಸ್ಸಲ್ಲ, ಮೂಳೆ ಸವೆದು ಎಲುಬು ಕುಸಿದಿರಬಹುದು. ಅಲ್ಲಿ ಬ್ರೇಸ್, ಆಪರೇಷನ್ನಿಗಿಂತ ಮೊದಲು ಮೂಳೆ ಸಾಂದ್ರತೆಯ ಪರೀಕ್ಷೆ ಮತ್ತು ಮಾತ್ರೆ.

ಅಪಾಯದ್ದು ಇದು: ಬೆನ್ನ ನಡುವೆ ಒಂದೇ ಜಾಗದಲ್ಲಿ ಚೂಪಾಗಿ ಗುಬುಟು ಎದ್ದಿದೆ, ಅಲ್ಲಿ ಒತ್ತಿದರೆ ನೋವು, ಸಂಜೆಗೆ ಸಣ್ಣ ಜ್ವರ, ತೂಕ ಇಳಿಕೆ. ಬೆನ್ನೆಲುಬಿನ ಟಿಬಿ ಹೀಗೆ ಬರುತ್ತದೆ, ನಮ್ಮ ದೇಶದಲ್ಲಿ ಅಪರೂಪವೇನಲ್ಲ. ಬಿಟ್ಟರೆ ಕಾಲಿನ ಶಕ್ತಿಯೇ ಹೋಗಬಹುದು. ಹಿಡಿದರೆ ಮಾತ್ರೆಯಲ್ಲೇ ವಾಸಿಯಾಗುವವರು ಬಹಳ, ಸಾಮಾನ್ಯವಾಗಿ ಒಂದು ವರ್ಷ ನುಂಗಬೇಕು, ಸರ್ಕಾರ ಉಚಿತವಾಗಿ ಕೊಡುತ್ತದೆ. ಇಂಥವರನ್ನು ಯೋಗಕ್ಕೂ ಮಸಾಜಿಗೂ ಕಳಿಸಿ ದಿನ ಕಳೆಯಬೇಡಿ.

ಹಾಗಾದರೆ ನಾನು ಏನು ಮಾಡುತ್ತಿದ್ದೆ?

ಮಗುವಿಗೆ 11 ವರ್ಷ, ಇನ್ನೂ ಋತುಮತಿಯಾಗಿಲ್ಲ, 18 ಡಿಗ್ರಿ: ನಾಲ್ಕು ತಿಂಗಳಿಗೆ ತಾರೀಖು ಬರೆಸಿಕೊಂಡು ಬರುತ್ತಿದ್ದೆ, ಷ್ರಾತ್ ಸಿಕ್ಕರೆ ಸೇರಿಸುತ್ತಿದ್ದೆ. ಅದೇ ಮಗು, 27: ಸಾಲ ಮಾಡಿಯಾದರೂ ಒಳ್ಳೆಯ ಬ್ರೇಸ್. ಈ ಒಂದು ಖರ್ಚಿನಲ್ಲಿ ಚೌಕಾಶಿ ಬೇಡ, ಇಲ್ಲಿ ಉಳಿಸಿದ ಸಾವಿರ ಮುಂದೆ ಲಕ್ಷ ಕೇಳಬಹುದು. 15 ವರ್ಷ, ಋತುಮತಿಯಾಗಿ ಮೂರು ವರ್ಷ, 34 ಡಿಗ್ರಿ: ಬ್ರೇಸಿನ ಕಾಲ ಮುಗಿದಿದೆ, ಆಪರೇಷನ್ನಿನ ಗಡಿ ಬಂದಿಲ್ಲ. ವ್ಯಾಯಾಮ, ಒಳ್ಳೆಯ ಟೈಲರು, ಮೊದಲು ವರ್ಷಕ್ಕೊಂದು ಆಮೇಲೆ ಅಪರೂಪಕ್ಕೊಂದು ಎಕ್ಸ್‌ರೇ. 14 ವರ್ಷ, 56 ಡಿಗ್ರಿ: ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಇದನ್ನೇ ಹೆಚ್ಚಾಗಿ ಮಾಡುವ ಇಬ್ಬರು ಸರ್ಜನ್‌ಗಳ ಅಭಿಪ್ರಾಯ ತಗೊಂಡು, ಪರೀಕ್ಷೆ ಮುಗಿದ ರಜೆಗೆ ದಿನ ಗೊತ್ತುಮಾಡುತ್ತಿದ್ದೆ. ಇದು ತುರ್ತು ಆಪರೇಷನ್ ಅಲ್ಲ, ಕೆಲವು ವಾರ ಯೋಚಿಸಲು ಸಮಯವಿದೆ. 48ರ ಸುತ್ತ ಇರುವವರದು ನಿಜವಾದ ಇಕ್ಕಟ್ಟು. ಅಲ್ಲಿ ಬಾಗು ಎಲ್ಲಿದೆ, ಮೈ ಒಟ್ಟಾರೆ ಎಷ್ಟು ಸಮತೂಕದಲ್ಲಿದೆ, ಮತ್ತು ಕನ್ನಡಿಯ ಮುಂದೆ ನಿಂತಾಗ ಆ ಹುಡುಗಿಗೇ ಏನನ್ನಿಸುತ್ತದೆ ಅನ್ನುವುದನ್ನು ಕೇಳಬೇಕು. ಅವಳ ಎದುರಿಗೆ ಅವಳನ್ನೇ ಬಿಟ್ಟು ನಾವು ದೊಡ್ಡವರೇ ಮಾತಾಡಿ ಮುಗಿಸುತ್ತೇವೆ.

ಮುಂದಿನ ಸಲ ಹೋಗುವಾಗ ಹಳೆಯ ಎಕ್ಸ್‌ರೇಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ತಗೊಂಡು ಹೋಗಿ, ರಿಪೋರ್ಟಲ್ಲ, ಫಿಲ್ಮೇ. ಹಳೆಯದೂ ಹೊಸದೂ ಅಕ್ಕಪಕ್ಕ ಇಟ್ಟು ಒಬ್ಬರೇ ಅಳೆದಾಗ ಮಾತ್ರ ಏರಿದೆಯೋ ಇಲ್ಲವೋ ತಿಳಿಯುವುದು. ನಮ್ಮದನ್ನು ಯಾರೋ ಬಟ್ಟೆ ಬೀರುವಿನ ಅಡಿಗೆ ಹಾಸಿದ್ದರು, ಹುಡುಕಲು ಒಂದು ಬೆಳಗ್ಗೆ ಹೋಯಿತು, ಮೈಸೂರಿನ ಪ್ಯಾಸೆಂಜರ್ ರೈಲೂ ತಪ್ಪಿತು.